ಸಾಮೀಪ್ಯಾರ್ಥದ ಇಕಾರ: ಕಟ್ಟಿದ ನುಡಿಯಲ್ಲಿಯೂ ಹುಟ್ಟಿದ ನುಡಿಯಲ್ಲಿಯೂ

ಕಾಲವಾಚಕಗಳಾದ ಮಾತುಗಳಲ್ಲಿ ಮನುಷ್ಯನಿಗೆ ಅತ್ಯವಶ್ಯವಾದುದು ‘ಈಗ’ ಎಂಬ ಮಾತು. ಹಿಡಿತಕ್ಕೆ ಸಿಕ್ಕದೆ ಜಾರುವುದೂ ಅದೇ ಮಾತು. ಅದನ್ನು ಆಡಿ ಮುಗಿಸುವಷ್ಟರಲ್ಲಿಯೇ ಅದು ‘ಆಗ’ ಆಗಿ ಹೋಗುತ್ತದೆ. ಹೀಗೆ ಕ್ಷಣಮಾತ್ರವೂ ನಿಲ್ಲದ ಅರ್ಥವನ್ನು ಹಿಡಿದಿಡುವುದಕ್ಕೆ ಪ್ರತಿಯೊಂದು ಭಾಷೆಯೂ ತನಗೆ ತೋಚಿದ ಉಪಾಯವನ್ನು ಮಾಡಿಕೊಂಡಿದೆ. ಈ ಉಪಾಯಗಳು ಹುಟ್ಟಿದ ಭಾಷೆಗಳಲ್ಲಿ ಸಾವಿರಾರು ವರ್ಷಗಳ ಬಳಕೆಯಿಂದ ತಾವಾಗಿಯೇ ರೂಪುಗೊಂಡವು. ಕಟ್ಟಿದ ಭಾಷೆಗಳಲ್ಲಾದರೋ ಒಬ್ಬರೋ ಕೆಲವರೋ ಕುಳಿತು ಆಲೋಚಿಸಿ ಅವುಗಳನ್ನು ಗೊತ್ತುಮಾಡಿದರು. ಈ ಎರಡು ಬಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕನ್ನಡವು ಒಂದು ಕಾಲದಲ್ಲಿ ಹೊಂದಿದ್ದು ಅನಂತರ ಕಳೆದುಕೊಂಡ ಒಂದು ಸೊತ್ತು ಸ್ಪಷ್ಟವಾಗಿ ಕಣ್ಣಿಗೆ ಬೀಳುತ್ತದೆ.

ಲೋಕಕ್ಕೆಲ್ಲ ಒಂದೇ ಭಾಷೆಯನ್ನು ಬುದ್ಧಿಪೂರ್ವಕವಾಗಿ ರಚಿಸಬೇಕೆಂಬ ಆಸೆ ಹೊಸದಲ್ಲ. ಇಂಗ್ಲೆಂಡಿನ ಜಾನ್ ವಿಲ್ಕಿನ್ಸನು 1668ರಲ್ಲಿಯೇ ಅಂತಹ ಒಂದು ಭಾಷೆಯ ಯೋಜನೆಯನ್ನು ಪ್ರಕಟಿಸಿದನು. ಜರ್ಮನಿಯ ಪಾದ್ರಿ ಶ್ಲೇಯರನು ಸುಮಾರು 1880ರಲ್ಲಿ ವೋಲಾಪ್ಯೂಕ್ ಎಂಬುದನ್ನು ಹೊರತಂದನು. ವಾರ್ಸಾ ನಗರದ ಕಣ್ಣಿನ ವೈದ್ಯನಾದ ಜಾಮೆನ್‌ಹಾಫನು 1887ರಲ್ಲಿ ‘ಡಾಕ್ಟರ್ ಎಸ್ಪೆರಾಂಟೋ’ ಎಂಬ ಗುಪ್ತನಾಮದಿಂದ ಸಣ್ಣದೊಂದು ಪುಸ್ತಕವನ್ನು ಅಚ್ಚುಮಾಡಿಸಿದನು. ಆ ಗುಪ್ತನಾಮವೇ ಮುಂದೆ ಭಾಷೆಯ ಹೆಸರಾಗಿ ನಿಂತಿತು. ಕಟ್ಟಿದ ಭಾಷೆಗಳಲ್ಲೆಲ್ಲ ಹೆಚ್ಚು ಜನರು ಕಲಿತುದು ಇದನ್ನೇ. ಈ ಮೂವರ ಉದ್ದೇಶವೂ ಹೆಚ್ಚುಕಡಿಮೆ ಒಂದೇ: ದೇಶದೇಶಗಳ ಜನರು ಒಬ್ಬರನ್ನೊಬ್ಬರು ಸುಲಭವಾಗಿ ಅರಿಯುವಂತಾಗಬೇಕು ಎಂಬುದು.

ಅಮೆರಿಕದ ಜೇಮ್ಸ್ ಕುಕ್ ಬ್ರೌನನ ಉದ್ದೇಶವು ಬೇರೆ. ಮನುಷ್ಯನು ಆಡುವ ಭಾಷೆಯೇ ಅವನ ಆಲೋಚನೆಯ ದಾರಿಯನ್ನು ತಿದ್ದುತ್ತದೆಯೇ ಎಂಬ ಪ್ರಶ್ನೆಯನ್ನು ಪರೀಕ್ಷಿಸುವ ಸಲುವಾಗಿ ಅವನು 1955ರಲ್ಲಿ ತರ್ಕಶಾಸ್ತ್ರದ ತಳಹದಿಯ ಮೇಲೆ ‘ಲಾಗ್ಲಾನ್’ ಎಂಬ ಭಾಷೆಯನ್ನು ಕಟ್ಟಲು ಮೊದಲುಮಾಡಿದನು. 1960ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಅವನು ಬರೆದ ಲೇಖನದಿಂದ ಅದು ವಿದ್ವಾಂಸರ ಗಮನಕ್ಕೆ ಬಂದಿತು. ಅನಂತರ ಆ ಭಾಷೆಯ ಒಡೆತನದ ವಿಷಯದಲ್ಲಿ ಭಿನ್ನಾಭಿಪ್ರಾಯಗಳು ತಲೆದೋರಲಾಗಿ, ಒಂದು ಗುಂಪು ಬೇರೆಯಾಗಿ 1987ರಲ್ಲಿ ‘ಲೋಜ್‌ಬಾನ್’ ಎಂಬ ಭಾಷೆಯನ್ನು ಹೊಸದಾಗಿ ರಚಿಸಲು ತೊಡಗಿತು. ಅದರ ಸಮಗ್ರ ವ್ಯಾಕರಣವನ್ನು ಜಾನ್ ಕೋವನ್ ಎಂಬವರು 1997ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದರು. ಅದರ ಮೂಲಧಾತುಗಳನ್ನು ಚೀನೀ, ಇಂಗ್ಲಿಷ್, ಹಿಂದಿ, ಸ್ಪ್ಯಾನಿಷ್, ರಷ್ಯನ್, ಅರಬ್ಬಿ ಎಂಬ ಆರು ಭಾಷೆಗಳ ಶಬ್ದಗಳನ್ನು ಬೆರೆಸಿ ಮಾಡಿದರು. ದ್ರಾವಿಡ ಭಾಷೆಗಳಲ್ಲಿ ಒಂದಕ್ಕೂ ಈ ಆರರಲ್ಲಿ ಸ್ಥಾನವಿಲ್ಲವೆಂಬುದನ್ನು ಇಲ್ಲಿ ನೆನಪಿನಲ್ಲಿಟ್ಟುಕೊಳ್ಳಬೇಕು.

ಲೋಜ್‌ಬಾನಿನಲ್ಲಿ ಕ್ರಿಯಾಪದವು ತಾನಾಗಿ ಯಾವ ಕಾಲವನ್ನೂ ಹೇಳುವುದಿಲ್ಲ. ‘ಮಿ ಕ್ಲಾಮ’ ಎಂದರೆ ‘ನಾನು’ ಮತ್ತು ‘ಹೋಗುವಿಕೆ’ ಎಂಬಷ್ಟೇ ಅರ್ಥ. ಹೋದುದೋ, ಹೋಗುವುದೋ, ಹೋಗುತ್ತಿರುವುದೋ ಎಂಬುದು ಸಂದರ್ಭಕ್ಕೆ ಬಿಟ್ಟುದು. ಕಾಲವನ್ನು ಹೇಳಬೇಕೆಂದರೆ ಅವ್ಯಯಗಳನ್ನು ಸೇರಿಸಬೇಕು. ಭೂತಕ್ಕೆ ‘ಪು’, ವರ್ತಮಾನಕ್ಕೆ ‘ಶ’, ಭವಿಷ್ಯಕ್ಕೆ ‘ಬ’. ಇಷ್ಟಕ್ಕೇ ನಿಲ್ಲದೆ, ಆ ಕಾಲವು ಎಷ್ಟು ದೂರದ್ದೆಂಬುದನ್ನು ಹೇಳುವುದಕ್ಕೆ ಬೇರೆ ಮೂರು ಅವ್ಯಯಗಳಿವೆ: ಹತ್ತಿರಕ್ಕೆ ‘ಜ಼ಿ’, ನಡುವಣದಕ್ಕೆ ‘ಜ಼’, ದೂರಕ್ಕೆ ‘ಜ಼ು’. ‘ಪು ಜ಼ಿ’ ಎಂದರೆ ಈಗತಾನೆ ಕಳೆದ ಕಾಲ. ‘ಬ ಜ಼ಿ’ ಎಂದರೆ ಇನ್ನೇನು ಬರಲಿರುವ ಕಾಲ. ‘ಜ಼ಿ’ ಒಂದನ್ನೇ ಬಳಸಿದರೆ ಹಿಂದೆಯೋ ಮುಂದೆಯೋ ಗೊತ್ತಿಲ್ಲ, ಅಂತೂ ಸಮೀಪವೆಂದಷ್ಟೇ ತಾತ್ಪರ್ಯ. ಆ ಸಮೀಪವು ಇಷ್ಟೇ ಗಳಿಗೆಯೆಂಬ ಕಟ್ಟಳೆಯಿಲ್ಲ. ಅಡಿಗೆಮನೆಯ ‘ಜ಼ಿ’ ಒಂದು ನಿಮಿಷವಾಗಬಹುದು. ಬೆಟ್ಟಗಳ ಚರಿತ್ರೆಯನ್ನು ಬರೆಯುವವನ ‘ಜ಼ಿ’ ಸಹಸ್ರ ವರ್ಷವಾಗಬಹುದು.

ಇದರಲ್ಲಿ ಗಮನಿಸಬೇಕಾದುದು ಸ್ವರಗಳ ಕ್ರಮ. ಸಾಮೀಪ್ಯಕ್ಕೆ ಇಕಾರ, ಮಧ್ಯಕ್ಕೆ ಅಕಾರ, ದೂರಕ್ಕೆ ಉಕಾರ. ಇದೇ ಕ್ರಮವು ಆ ಭಾಷೆಯಲ್ಲಿ ಎಲ್ಲೆಲ್ಲಿಯೂ ಹರಿದಿದೆ. ಸ್ಥಳವನ್ನು ಹೇಳುವಲ್ಲಿ ‘ವಿ, ವ, ವು’. ಕೈತೋರಿ ಹೇಳುವ ಸರ್ವನಾಮಗಳಲ್ಲಿ ‘ತಿ, ತ, ತು’. ಹಿಂದೆ ಹೇಳಿದ ಪದವನ್ನು ಮತ್ತೆ ಸೂಚಿಸುವಲ್ಲಿ ‘ರಿ, ರ, ರು’. ದೇಶದ ಸಾಮೀಪ್ಯವೂ ಕಾಲದ ಸಾಮೀಪ್ಯವೂ ಒಂದೇ ಸ್ವರದ ಎರಡು ವೇಷಗಳೆಂಬುದು ಈ ಏರ್ಪಾಡಿನ ಹುರುಳು. ಕಲಿಯುವವನು ಒಂದು ಸಾಲನ್ನು ಕಲಿತರೆ ಸಾಕು, ಉಳಿದ ಸಾಲುಗಳು ತಾವಾಗಿ ಬರುವುವು. ಇದನ್ನು ಏರ್ಪಡಿಸಿದವರ ಜಾಣತನವನ್ನು ಒಪ್ಪಲೇಬೇಕು.

ಆದರೆ ಕನ್ನಡವನ್ನು ಬಲ್ಲವರಿಗೆ ಈ ಏರ್ಪಾಡು ಹೊಸದಾಗಿ ಕಾಣಲಾರದು. ಅಲ್ಲಿ–ಇಲ್ಲಿ, ಅತ್ತ–ಇತ್ತ, ಅಂದು–ಇಂದು, ಅಂತು–ಇಂತು, ಅನಿತು–ಇನಿತು, ಆಗ–ಈಗ: ಇವೆಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಅಕಾರವು ದೂರವನ್ನೂ ಇಕಾರವು ಸಮೀಪವನ್ನೂ ಹೇಳುತ್ತವೆ. ಎಕಾರವು ಪ್ರಶ್ನೆಗೆ ಮೀಸಲು. ದೇಶಕ್ಕೂ ಕಾಲಕ್ಕೂ ರೀತಿಗೂ ಪರಿಮಾಣಕ್ಕೂ ಇದೇ ನಿಯಮ. ಎಸ್ಪೆರಾಂಟೋ ಭಾಷೆಯಲ್ಲಿ ಇಂತಹ ನಲವತ್ತೈದು ಶಬ್ದಗಳ ಕೋಷ್ಟಕವೊಂದನ್ನು ಜಾಮೆನ್‌ಹಾಫನು ರಚಿಸಿದ್ದಾನೆ. ಅದು ಆ ಭಾಷೆಯ ಹೆಮ್ಮೆ. ಆದರೂ ಅಲ್ಲಿ ‘ಆಗ’ ಎಂಬುದಕ್ಕೆ ಕೋಷ್ಟಕದೊಳಗಿನ ‘ತಿಅಮ್’ ಎಂಬ ಶಬ್ದವಿದ್ದರೆ, ‘ಈಗ’ ಎಂಬುದಕ್ಕೆ ಅದರ ಹೊರಗಿನ ‘ನುನ್’ ಎಂಬ ಬೇರೊಂದು ಶಬ್ದ. ‘ಅಲ್ಲಿ’ ಎಂಬುದು ‘ಇಲ್ಲಿ’ ಆಗಬೇಕಾದರೆ ‘ಚಿ’ ಎಂಬ ಸಾಮೀಪ್ಯದ ಅವ್ಯಯವನ್ನು ಪ್ರತ್ಯೇಕವಾಗಿ ಅಂಟಿಸಬೇಕು. ಬುದ್ಧಿವಂತನೊಬ್ಬನು ನಿಯಮಬದ್ಧವಾಗಲೆಂದೇ ಕಟ್ಟಿದ ಭಾಷೆಗಿಂತಲೂ, ಯಾರೂ ಕಟ್ಟದೆ ಬೆಳೆದ ಕನ್ನಡವು ಈ ಒಂದು ವಿಷಯದಲ್ಲಿ ಹೆಚ್ಚು ನಿಯಮಬದ್ಧವಾಗಿರುವುದು ಆಶ್ಚರ್ಯಕರವಾದರೂ ನಿಜ.

ಇಷ್ಟೇ ಅಲ್ಲ. ಲೋಜ್‌ಬಾನಿನಲ್ಲಿರುವಂತೆ ಮೂರನೆಯದಾದ ಮಧ್ಯದ ಸ್ಥಾನವೂ ಹಳಗನ್ನಡದಲ್ಲಿ ಇದ್ದಿತು. ಅವಂ, ಇವಂ ಎಂಬುವುಗಳ ಜೊತೆಗೆ ‘ಉವಂ’. ಅವಳ್, ಇವಳ್ ಎಂಬುವುಗಳ ಜೊತೆಗೆ ‘ಉವಳ್’. ಅದು, ಇದು ಎಂಬುವುಗಳ ಜೊತೆಗೆ ‘ಉದು’. ತೀರ ಹತ್ತಿರವೂ ಅಲ್ಲದೆ ತೀರ ದೂರವೂ ಅಲ್ಲದೆ ನಡುವೆ ಇರುವವನು, ಇರುವವಳು, ಇರುವುದು ಎಂದು ಇವುಗಳ ಅರ್ಥ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಬರೆದ ಕಾಲ್ಡ್‌ವೆಲ್ಲರು ಈ ಮೂರು ಸ್ವರಗಳನ್ನು ಗುರುತಿಸಿ ವಿವರಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂದ ಕಿಟ್ಟೆಲರ ನಿಘಂಟಿನಲ್ಲಿಯೂ ಇವಕ್ಕೆ ಎಡೆ ದೊರೆತಿದೆ. ತಮಿಳಿನ ಪ್ರಾಚೀನ ವ್ಯಾಕರಣವಾದ ತೊಲ್ಕಾಪ್ಪಿಯವೂ ಅ, ಇ, ಉ ಎಂಬ ಮೂರನ್ನು ನಿರ್ದೇಶಕ ಸ್ವರಗಳೆಂದು ಎಣಿಸುತ್ತದೆ. ಸಾಮೀಪ್ಯದ ಇಕಾರವು ಎರಡು ಕಡೆಗೂ ಸಮಾನ. ಮಧ್ಯಕ್ಕೆ ಮಾತ್ರ ಕನ್ನಡವು ಉಕಾರವನ್ನೂ ಕಟ್ಟಿದ ಭಾಷೆಯು ಅಕಾರವನ್ನೂ ಇಟ್ಟುಕೊಂಡವು.

ಈ ಮೂರು ಸ್ಥಾನಗಳನ್ನು ಒಂದು ಪರಿಚಿತವಾದ ಸ್ಥಳದಲ್ಲಿ ನಿಂತು ನೋಡುವುದು ಒಳ್ಳೆಯದು. ಹೊಸಪೇಟೆಯಿಂದ ಹಂಪೆಯ ಹಾಳುಗಳ ಕಡೆಗೆ ಹೋಗುವ ದಾರಿಯಲ್ಲಿರುವ ಮಲಪನಗುಡಿಯಲ್ಲಿ ವಿಜಯನಗರ ಕಾಲದ ಕಲ್ಲಿನ ಮೆಟ್ಟಿಲುಬಾವಿಯೊಂದಿದೆ. ಜನರು ಅದನ್ನು ‘ಸೂಳೆ ಬಾವಿ’ ಎಂದು ಕರೆಯುವರು. 1412ನೆಯ ಇಸವಿಯ ಶಾಸನದಿಂದ ಅದು ಒಂದನೆಯ ದೇವರಾಯನ ಆಳಿಕೆಯ ಕಾಲದ್ದೆಂದು ತಿಳಿಯುತ್ತದೆ. ಆ ಬಾವಿಯ ಮೆಟ್ಟಿಲ ಮೇಲೆ ನಿಂತ ಹಳಗಾಲದ ಕನ್ನಡಿಗನು ಕಾಲಬಳಿಯ ನೀರನ್ನು ‘ಇದು’ ಎನ್ನುವನು. ಊರೊಳಗಿನ ಗುಡಿಯನ್ನು ‘ಉದು’ ಎನ್ನುವನು. ಬಂಡೆಗಳಾಚೆಯ ವಿರೂಪಾಕ್ಷನ ಗೋಪುರವನ್ನು ‘ಅದು’ ಎನ್ನುವನು. ಲೋಜ್‌ಬಾನನ್ನು ಕಲಿತವನೊಬ್ಬನು ಅದೇ ಮೆಟ್ಟಿಲ ಮೇಲೆ ನಿಂತರೆ ಇವನ್ನೇ ‘ತಿ, ತ, ತು’ ಎಂದು ಹೇಳುವನು. ಈಗಿನ ಕನ್ನಡಿಗನಿಗಾದರೋ ಇರುವುವು ಎರಡೇ ಮಾತು. ಊರೊಳಗಿನ ಗುಡಿಯೂ ಹಂಪೆಯ ಗೋಪುರವೂ ಅವನಿಗೆ ಒಂದೇ ‘ಅದು’. ಹೆಚ್ಚು ದೂರವನ್ನು ಹೇಳಬೇಕಾದಾಗ ಅವನು ಕೈಯನ್ನು ನೀಡಿ ‘ಆ’ ಎಂಬ ಸ್ವರವನ್ನು ಎಳೆದು ಹೇಳುತ್ತಾನೆ. ನಡುವಣ ದೂರವನ್ನು ಹೇಳಬೇಕಾದಾಗ ‘ಅಲ್ಲೇ’ ಎಂದು ಏಕಾರವನ್ನು ಒತ್ತಿ ಹೇಳುತ್ತಾನೆ. ವ್ಯಾಕರಣವು ಬಿಟ್ಟುಕೊಟ್ಟ ಕೆಲಸವನ್ನು ಕೈಯೂ ಕೊರಳೂ ವಹಿಸಿಕೊಂಡಿವೆ.

ಸಾಮೀಪ್ಯದ ಮಾತಿಗೆ ಒಂದು ವಿಚಿತ್ರವಾದ ಗುಣವುಂಟು. ಆಡುವವನು ನಿಂತ ಸ್ಥಳವನ್ನೂ ಆಡಿದ ಹೊತ್ತನ್ನೂ ಬಿಟ್ಟರೆ ಅದಕ್ಕೆ ಅರ್ಥವೇ ಇಲ್ಲ. ಶಾಸನಗಳನ್ನು ಓದುವವರು ಇದನ್ನು ಚೆನ್ನಾಗಿ ಬಲ್ಲರು. ಕಲ್ಲಿನಲ್ಲಿ ‘ಈ ಧರ್ಮ’ ಎಂದು ಕೊರೆದಿದ್ದರೆ, ಆ ‘ಈ’ ಎಂಬುದು ಕಲ್ಲು ನಿಂತ ನೆಲದ ಕಡೆಗೆ ಬೆರಳು ತೋರುತ್ತದೆ. ಕಲ್ಲು ಬೇರೆಡೆಗೆ ಹೋದರೆ ಅಕ್ಷರಗಳು ಅಳಿಯದಿದ್ದರೂ ಆ ಬೆರಳು ಸುಳ್ಳನ್ನು ತೋರಿಸತೊಡಗುತ್ತದೆ. ಇದರ ವಿಪರ್ಯಾಸವೂ ಉಂಟು. ಕೃಷ್ಣದೇವರಾಯನು ಉದಯಗಿರಿಯನ್ನು ಗೆದ್ದು ಅಲ್ಲಿಂದ ತಂದ ಬಾಲಕೃಷ್ಣನ ಮೂರ್ತಿಯನ್ನು 1515ರಲ್ಲಿ ಹಂಪೆಯ ಕೃಷ್ಣದೇವಾಲಯದಲ್ಲಿ ಪ್ರತಿಷ್ಠಿಸಿದುದನ್ನು ಅಲ್ಲಿಯ ಶಾಸನವು ತಿಳಿಸುತ್ತದೆ. ಶಾಸನವು ತನ್ನ ಸ್ಥಳದಲ್ಲಿಯೇ ಇದೆ. ಮೂರ್ತಿಯು ಚೆನ್ನೈಯ ವಸ್ತುಸಂಗ್ರಹಾಲಯದಲ್ಲಿದೆ. ಓದುವವನ ನಾಲಗೆಗೆ ‘ಇಲ್ಲಿ’ ಬಂದಾಗ ಕಣ್ಣಿಗೆ ಕಾಣುವುದು ಬರಿಯ ಗರ್ಭಗೃಹ. ಸಾಮೀಪ್ಯವನ್ನು ಬರೆದಿಡಬಹುದಲ್ಲದೆ ಕಾದಿಡುವುದು ಸಾಧ್ಯವಿಲ್ಲವೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನವು ಬೇಡ.

ಇನ್ನು ಕಾಲದ ಸಾಮೀಪ್ಯವನ್ನು ವಿಚಾರಿಸಬಹುದು. ಹಳಗನ್ನಡದ ‘ಈಗಳ್’ ಎಂಬುದು ಕೊನೆಯ ವ್ಯಂಜನವನ್ನು ಕಳೆದುಕೊಂಡು ‘ಈಗ’ ಆಯಿತು. ಲೋಜ್‌ಬಾನಿನ ‘ಜ಼ಿ’ಗೆ ಹಿಂದುಮುಂದುಗಳ ಭೇದವಿಲ್ಲದಿರುವಂತೆಯೇ ಕನ್ನಡದ ‘ಈಗ’ ಎಂಬುದಕ್ಕೂ ಇಲ್ಲ. ‘ಈಗ ಬಂದನು’ ಎಂದರೂ ಸರಿ, ‘ಈಗ ಬರುವನು’ ಎಂದರೂ ಸರಿ. ಭೇದವನ್ನು ಹೇಳುವುದು ಕ್ರಿಯಾಪದ. ಅರ್ಥವನ್ನು ಇನ್ನೂ ಬಿಗಿಗೊಳಿಸಬೇಕೆಂದರೆ ಕಳೆದುದಕ್ಕೆ ‘ಈಗತಾನೆ’, ಬರುವುದಕ್ಕೆ ‘ಈಗಲೇ’ ಎಂಬ ಮಾತುಗಳಿವೆ. ‘ಈಗತಾನೆ’ ಎಂಬುದು ಆ ಭಾಷೆಯ ‘ಪು ಜ಼ಿ’. ‘ಈಗಲೇ’ ಎಂಬುದು ‘ಬ ಜ಼ಿ’. ಇವಲ್ಲದೆ ‘ಇದೀಗ’ ಎಂಬಲ್ಲಿ ಎರಡು ಇಕಾರಗಳೂ, ‘ಈಗಿಂದೀಗ’ ಎಂಬಲ್ಲಿ ಎರಡು ಈಕಾರಗಳೂ ಸೇರಿ ಅವಸರವನ್ನು ಇಮ್ಮಡಿಸುತ್ತವೆ.

ಎಲ್ಲಕ್ಕಿಂತ ಸೊಗಸಾದುದು ‘ಇಗೋ ಬಂದೆ’ ಎಂಬ ಮಾತು. ಮನೆಯೊಳಗಿನಿಂದ ಹೀಗೆ ಕೂಗಿ ಹೇಳುವವನು ಇನ್ನೂ ಬಂದಿರುವುದಿಲ್ಲ. ಎಷ್ಟೋ ಸಲ ಎದ್ದೂ ಇರುವುದಿಲ್ಲ. ಆದರೂ ಅವನು ಬಳಸುವುದು ಭೂತಕಾಲದ ಕ್ರಿಯಾಪದವನ್ನೇ. ಬರುವುದು ಅಷ್ಟು ಸಮೀಪವಾದುದರಿಂದ ಅದು ಆಗಿಯೇ ಹೋಯಿತೆಂದು ಭಾವಿಸಬೇಕು ಎಂಬುದು ಇಲ್ಲಿಯ ಧ್ವನಿ. ಸಂಸ್ಕೃತದ ಪಾಣಿನಿಯೂ ಈ ಬಗೆಯ ವ್ಯವಹಾರವನ್ನು ಗಮನಿಸಿ, ವರ್ತಮಾನಕ್ಕೆ ಸಮೀಪವಾದ ಭೂತಭವಿಷ್ಯತ್ತುಗಳಲ್ಲಿ ವರ್ತಮಾನದ ಪ್ರತ್ಯಯವು ವಿಕಲ್ಪವಾಗಿ ಬರಬಹುದೆಂದು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ವಿಧಿಸಿದ್ದಾನೆ. ಅಲ್ಲಿ ಸಮೀಪದ ಕಾಲಗಳು ವರ್ತಮಾನದೊಳಗೆ ಸೇರುತ್ತವೆ. ಕನ್ನಡಿಗನ ಮನೆಮಾತಿನಲ್ಲಿ ಸಮೀಪದ ಭವಿಷ್ಯವು ವರ್ತಮಾನವನ್ನು ಹಾರಿ ಭೂತದೊಳಕ್ಕೆ ಸೇರುತ್ತದೆ. ಕಟ್ಟಿದ ಭಾಷೆಯ ವ್ಯಾಕರಣದಲ್ಲಿ ಇಂತಹ ಹಾರಿಕೆಗೆ ಅವಕಾಶವಿಲ್ಲ. ಅಲ್ಲಿ ‘ಪು’ ಎಂದರೆ ಕಳೆದುದೇ. ಬಾರದವನು ‘ಪು’ ಎಂದರೆ ಅದು ಸುಳ್ಳು. ಕನ್ನಡದಲ್ಲಿ ‘ಬಂದೆ’ ಎನ್ನುವವನನ್ನು ಯಾರೂ ಸುಳ್ಳುಗಾರನೆನ್ನುವುದಿಲ್ಲ, ಬಹಳವಾದರೆ ಸೋಮಾರಿಯೆನ್ನುವರು.

ಸಾಮೀಪ್ಯದ ದಾರಿಯೊಂದನ್ನೇ ನಂಬಿ ಕನ್ನಡವು ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಕೂಡಿರುವಿಕೆಯಿಂದ ಹುಟ್ಟಿದ ಮಾತುಗಳು ಎರಡನೆಯ ಬಗೆಯವು. ‘ಒಡನೆ’ ಎಂದರೆ ಮೊದಲು ‘ಜೊತೆಯಲ್ಲಿ’ ಎಂದರ್ಥ. ಒಡನಾಡಿ, ಒಡಹುಟ್ಟು ಎಂಬ ಮಾತುಗಳಲ್ಲಿ ಆ ಅರ್ಥವು ಇನ್ನೂ ಉಳಿದಿದೆ. ಒಂದು ಕೆಲಸದ ಜೊತೆಯಲ್ಲಿಯೇ ಇನ್ನೊಂದು ನಡೆದರೆ ನಡುವೆ ತಡವಿಲ್ಲವಾದುದರಿಂದ, ಅದೇ ಮಾತಿಗೆ ‘ತಡವಿಲ್ಲದೆ’ ಎಂಬ ಅರ್ಥವು ಬಂದಿತು. ‘ಕೂಡು’ ಎಂಬ ಧಾತುವಿನಿಂದಾದ ‘ಕೂಡಲೇ’ ಎಂಬುದರ ಕಥೆಯೂ ಇದೇ. ಹಳಗನ್ನಡದ ‘ಕಾಣಲೊಡಂ’ ಎಂಬುದೂ ಹೊಸಗನ್ನಡದ ‘ಕಂಡೊಡನೆ’, ‘ಕಂಡ ಕೂಡಲೇ’ ಎಂಬುವುಗಳೂ ಒಂದೇ ಭಾವದ ಬೇರೆಬೇರೆ ಕಾಲದ ಉಡುಪುಗಳು. ಧ್ವನಿಯ ಅನುಕರಣದಿಂದ ಹುಟ್ಟಿದ ತಟ್ಟನೆ, ಚಕ್ಕನೆ, ಪಕ್ಕನೆ ಮೊದಲಾದುವು ಮೂರನೆಯ ಬಗೆ. ತಕ್ಷಣ, ಸದ್ಯ ಎಂದು ಸಂಸ್ಕೃತದಿಂದಲೂ, ಜಲ್ದಿ ಎಂದು ಪಾರಸಿಯಿಂದಲೂ ಎರವಾಗಿ ತಂದುವು ನಾಲ್ಕನೆಯ ಬಗೆ. ಈಗಲೇ, ಆಗಲೇ, ಕೂಡಲೇ, ಬರುತ್ತಲೇ ಎಂಬಲ್ಲೆಲ್ಲ ಕೊನೆಗೆ ಕೇಳಿಸುವ ಏಕಾರವು ಅವಧಾರಣೆಯ ಅವ್ಯಯ. ‘ಬರುತ್ತ’ ಎಂದರೆ ಬರುವ ದಾರಿಯೆಲ್ಲವೂ ಸೇರಿತು. ‘ಬರುತ್ತಲೇ’ ಎಂದರೆ ಆ ದಾರಿಯು ಒಂದು ಬಿಂದುವಾಯಿತು. ಒಂದೇ ಒಂದು ಸ್ವರವು ಕಾಲದ ಅಂತರವನ್ನು ಹೀಗೆ ಹಿಂಡಿಬಿಡುವುದು ಕನ್ನಡದ ವಿಶೇಷವಾದ ಶಕ್ತಿ.

ಲೋಜ್‌ಬಾನು ಈ ಎಲ್ಲ ದಾರಿಗಳನ್ನೂ ಬಿಟ್ಟು ‘ಜ಼ಿ’ ಸಾಲಿನಲ್ಲಿ ದೂರದ ಅಳತೆಯೊಂದನ್ನೇ ಆರಿಸಿಕೊಂಡಿತು. ಅದರಿಂದ ಆದ ಲಾಭವು ಸ್ಪಷ್ಟತೆ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ‘ಒಡನೆ’ ಎಂಬುದರಲ್ಲಿರುವ ಸಂಗಾತಿಯ ನೆನಪು, ‘ತಟ್ಟನೆ’ ಎಂಬುದರಲ್ಲಿರುವ ಸದ್ದು, ‘ಇಗೋ ಬಂದೆ’ ಎಂಬುದರಲ್ಲಿರುವ ಭರವಸೆ, ಇವು ಯಾವುವೂ ‘ಜ಼ಿ’ಯಲ್ಲಿಲ್ಲ. ಅವು ಅಲ್ಲಿಗೆ ಬರಬೇಕಾದರೆ ತಲೆತಲಾಂತರದ ಜನರು ಆ ಮಾತಿನಲ್ಲಿ ಮಕ್ಕಳನ್ನು ಕರೆದು, ಜಗಳವಾಡಿ, ಕಾದು ಬೇಸರಪಡಬೇಕು.

ಹಾಗೆಂದು ಕಟ್ಟಿದ ಭಾಷೆಯನ್ನು ಹಗುರವಾಗಿ ಎಣಿಸುವುದು ಸರಿಯಲ್ಲ. ಕನ್ನಡದ ಪಾಲಿಗೆ ಅದು ಹಿಡಿಯುವ ಕನ್ನಡಿಯಲ್ಲಿ ಒಂದು ನಷ್ಟವು ತೋರುತ್ತದೆ. ಮಧ್ಯದ ಸ್ಥಾನವು ಬೇಕೇಬೇಕೆಂದು ಇಪ್ಪತ್ತನೆಯ ಶತಮಾನದ ತರ್ಕನಿಪುಣರಿಗೆ ಹೊಳೆಯಿತು. ಹಳಗನ್ನಡಿಗರಿಗೆ ಅದು ಹುಟ್ಟಿನಿಂದಲೇ ಬಂದ ಆಸ್ತಿಯಾಗಿದ್ದಿತು. ಆದರೂ ಉವಂ, ಉವಳ್, ಉದು ಎಂಬುವು ಸದ್ದಿಲ್ಲದೆ ಕಣ್ಮರೆಯಾದುವು. ಅವುಗಳನ್ನು ಬಿಡಬೇಕೆಂದು ಯಾವ ಪಂಡಿತನೂ ಹೇಳಲಿಲ್ಲ. ಯಾವ ಅರಸನೂ ಆಜ್ಞೆ ಮಾಡಲಿಲ್ಲ. ಬಳಸುವವರು ಒಬ್ಬೊಬ್ಬರಾಗಿ ಕಡಮೆಯಾದರು, ಅಷ್ಟೇ. ಯಾಳ್ಪಾಣದ ತಮಿಳರ ಆಡುಮಾತಿನಲ್ಲಿ ಇದೇ ಉಕಾರದ ಸರ್ವನಾಮಗಳು ಬದುಕಿ ಉಳಿದುವು. ಆದುದರಿಂದ ಈ ಅಳಿವು ಅನಿವಾರ್ಯವಾಗಿದ್ದಿತೆಂದು ಹೇಳಲಾಗುವುದಿಲ್ಲ. ಒಂದು ಸಮುದ್ರದಾಚೆಯ ದಾಯಾದಿಗಳು ಉಳಿಸಿಕೊಂಡುದನ್ನು ಕನ್ನಡವು ಕೈಬಿಟ್ಟಿತು.

ಕಾಗದದ ಮೇಲಿನ ನಿಯಮವಿದ್ದು ಆಡುವವರು ಕೆಲವರೇ ಇರುವುದು ಕಟ್ಟಿದ ಭಾಷೆಯ ಪಾಡು. ಆಡುವವರು ಕೋಟಿಗಟ್ಟಲೆಯಿದ್ದೂ ನಿಯಮವು ಗೊತ್ತಿಲ್ಲದಂತೆ ಜಾರಿಹೋಗುವುದು ಹುಟ್ಟಿದ ಭಾಷೆಯ ಪಾಡು. ಮೊದಲನೆಯದಕ್ಕೆ ಬೇಕಾದುದು ಜನ. ಎರಡನೆಯದಕ್ಕೆ ಬೇಕಾದುದು ಕಿವಿಗೊಡುವವರು. 1260ರ ಸುಮಾರಿನಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನೂ 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ಮುಗಿಸಿದ ಭಟ್ಟಾಕಳಂಕನೂ ತಮ್ಮ ಕಾಲದ ಕಾವ್ಯಭಾಷೆಗೆ ಕಿವಿಗೊಟ್ಟುದರಿಂದಲೇ ಅದರ ಲಕ್ಷಣವು ಇಂದಿಗೂ ತಿಳಿಯುವಂತಿದೆ. ಹೊಲಗದ್ದೆಗಳ, ಸಂತೆಯ, ಅಡಿಗೆಮನೆಯ ಮಾತಿಗೆ ಅಂತಹ ಕಿವಿಯು ಬಹುಕಾಲ ದೊರೆಯಲಿಲ್ಲ. ಹೊಸಪೇಟೆ, ಕಂಪ್ಲಿ, ಸಂಡೂರುಗಳ ಹಳ್ಳಿಗಳಲ್ಲಿ ವಯಸ್ಸಾದವರು ಹತ್ತಿರವನ್ನೂ ತಡವಿಲ್ಲದಿರುವಿಕೆಯನ್ನೂ ಹೇಳುವ ಬಗೆಗಳನ್ನು, ಅವರ ಸ್ವರದ ಎಳೆತ ಒತ್ತುಗಳ ಸಹಿತವಾಗಿ, ವಿದ್ಯಾವಂತರ ಮನೆಗಳವರು ಬರೆದಿಡುವುದು ಕಷ್ಟದ ಕೆಲಸವಲ್ಲ. ಉಕಾರವು ಹೋದಾಗ ಯಾರೂ ಬರೆದಿಡಲಿಲ್ಲ. ಅದು ಯಾವ ಊರಿನಲ್ಲಿ, ಯಾರ ಬಾಯಲ್ಲಿ ಕೊನೆಯ ಸಲ ಕೇಳಿಸಿತೆಂಬುದು ಇನ್ನು ತಿಳಿಯುವಂತಿಲ್ಲ. ಇಕಾರದ ನೂರು ಛಾಯೆಗಳಿಗೆ ಆ ಗತಿಯು ಬಾರದಿರಬೇಕಾದರೆ ಆ ಕೆಲಸಕ್ಕೆ ತಕ್ಕ ಕಾಲವು ಯಾವುದೆಂಬುದನ್ನು ಕನ್ನಡದ ಆ ಚಿಕ್ಕ ಮಾತೇ ಹೇಳುತ್ತದೆ: ಈಗಲೇ.